ನಮ್ಮ ಮನೆಯ ಕಂಪ್ಯೂಟರ್ ತೊಟ್ಟಿಲೇರಿದ್ದು

ಕಂಪ್ಯೂಟರ್ ರಿಪೇರಿ ಅಂದರೆ ಏನು ಮಹಾ!

ಮೂವತ್ತು ವರ್ಷದಿಂದ ಪವರ್‌ಲೂಮ್ ಬಿಚ್ಚಿ ಜೋಡಿಸುತ್ತಿರುವವನು ನಾನು. ಎಂಟು ಮಗ್ಗ ಒಟ್ಟಿಗೆ ಓಡುತ್ತಿರುವಾಗ ಯಾವುದರ ಯಾವ ಬೋಲ್ಟು ಸಡಿಲವಾಗಿದೆ ಎಂದು ಕಿವಿಯಿಂದಲೇ ಹೇಳಬಲ್ಲೆ. ಅಂಥ ನನಗೆ, ಮೂಲೆಯಲ್ಲಿ ಸುಮ್ಮನೆ ಕೂತು ಗುಂಯ್ ಎನ್ನುವ ಒಂದು ಕಪ್ಪು ಪೆಟ್ಟಿಗೆ ಯಾವ ಲೆಕ್ಕ? ಹಾಗಂತ ಮನಸ್ಸಿನಲ್ಲಿ ಅಂದುಕೊಂಡಿದ್ದರೆ ತೊಂದರೆ ಇರಲಿಲ್ಲ. ಬಾಯಿಬಿಟ್ಟು ಹೇಳಿದೆ. ಹೆಂಡತಿಯ ಎದುರಿಗೇ ಹೇಳಿದೆ!

ನಮ್ಮದು ತಮಿಳು ಸೀಮೆಯ ಪಲ್ಲಡಂ ಹತ್ತಿರದ ಒಂದು ಊರು. ನಮ್ಮ ಹಿರಿಯರು ಯಾವ ಕಾಲದಲ್ಲೋ ಮಗ್ಗದ ಜೊತೆ ಕನ್ನಡವನ್ನೂ ಹೊತ್ತುಕೊಂಡು ಇಲ್ಲಿಗೆ ಬಂದರಂತೆ. ಕೈಮಗ್ಗ ಹೋಗಿ ಪವರ್‌ಲೂಮ್ ಬಂತು. ಕನ್ನಡ ಅಡುಗೆಮನೆಯಲ್ಲಿ ಉಳಿಯಿತು. ಹೊಸಿಲು ದಾಟಿದರೆ ತಮಿಳು. ಒಳಗಿನ ಕನ್ನಡದಲ್ಲೂ ಮುಕ್ಕಾಲು ಪಾಲು ತಮಿಳಿನ ರಾಗ. ಕೊಂಗುನಾಡು ಎನ್ನುವ ಈ ಸೀಮೆಯ ಮರ್ಯಾದೆಯಂತೂ ನಮಗೆ ಎಷ್ಟು ಅಂಟಿದೆಯೆಂದರೆ, ನನ್ನ ಹೆಂಡತಿ ರುಕ್ಕು ನನ್ನನ್ನು ಬೈಯುವಾಗಲೂ ಮಾತಿನ ಬಾಲಕ್ಕೆ ಒಂದು ‘ಂಗ’ ಸೇರಿಸುತ್ತಾಳೆ. “ನಿಮಗೆ ಬುದ್ಧಿ ಇಲ್ಲಂಗ” ಎಂದರೆ ಅದು ಬೈಗುಳವೋ ಸನ್ಮಾನವೋ ಎಂಬುದು ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ತೀರ್ಮಾನವಾಗಿಲ್ಲ.

ನಮ್ಮ ಬಂಧು ಬಳಗದಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ. ನನ್ನೊಬ್ಬನ ಹೊರತು! ಮೈಸೂರಿಗೆ ಹೋಗಿದ್ದಾಗ ಒಂದನೇ ತರಗತಿಯ ಪುಸ್ತಕ ಕೊಂಡು ತಂದು, ಐವತ್ತೊಂದನೇ ವಯಸ್ಸಿನಲ್ಲಿ ಅ ಆ ಇ ಈ ತಿದ್ದಿದೆ. ಆರು ತಿಂಗಳಲ್ಲಿ ಕೂಡಿಸಿ ಕೂಡಿಸಿ ಓದುವ ಹಂತ ತಲುಪಿದೆ. ಆ ಹೆಮ್ಮೆಯಲ್ಲಿ ನಮ್ಮ ಮನೆಯ ಕಂಪ್ಯೂಟರಿನ ಭಾಷೆಯನ್ನೂ ಕನ್ನಡಕ್ಕೆ ಬದಲಾಯಿಸಿಬಿಟ್ಟೆ. ಅದರೊಳಗಿನ ಎಲ್ಲ ಪಟ್ಟಿ, ಎಲ್ಲ ಸೂಚನೆ ಕನ್ನಡದಲ್ಲಿ! ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಸತ್ಯ ಹೇಳಬೇಕೆಂದರೆ ನಾನೂ ಮುಟ್ಟುವಂತಿರಲಿಲ್ಲ. ಏಕೆಂದರೆ ಅದು ಮಾತನಾಡುತ್ತಿದ್ದ ಕನ್ನಡ ನಮ್ಮ ಅವ್ವ ಮಾತನಾಡುವ ಕನ್ನಡ ಆಗಿರಲಿಲ್ಲ.

ಆ ಕಂಪ್ಯೂಟರಿನಲ್ಲಿ ಒಂದು ಸಂಪತ್ತು ಇತ್ತು. ಅವ್ವ ಮತ್ತು ಅವಳ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ಇಬ್ಬರೂ ಸೇರಿ ಹಾಡಿದ ಮೂವತ್ತೊಂದು ಮದುವೆ ಹಾಡುಗಳು. ಅರಿಸಿನ ಹಚ್ಚುವ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ಮಗಳನ್ನು ಕಳಿಸಿಕೊಡುವ ಹಾಡು. ಇಬ್ಬರನ್ನೂ ಮಂಚದ ಮೇಲೆ ಕೂರಿಸಿ, ಎಲೆ ಅಡಿಕೆ ಕೊಟ್ಟು, ಮೈಕು ಹಿಡಿದು ನಾನೇ ಧ್ವನಿ ತುಂಬಿಸಿದ್ದೆ. ಅದಾಗಿ ಎಂಟು ತಿಂಗಳಿಗೆ ದೊಡ್ಡವ್ವ ತೀರಿಕೊಂಡಳು. ಆಮೇಲೆ ಅವ್ವ ಹಾಡುವುದನ್ನೇ ಬಿಟ್ಟಳು. ಕೇಳಿದರೆ, “ಅಕ್ಕ ಎತ್ತಿ ಕೊಡ್ತಿದ್ದಳು, ನಾನು ಹಿಡೀತಿದ್ದೆ. ಈಗ ಯಾರು ಎತ್ತಿ ಕೊಡ್ತಾರೆ ಕಣ್ಣು?” ಎನ್ನುತ್ತಿದ್ದಳು. ಐವತ್ತು ದಾಟಿದರೂ ಅವ್ವನ ಬಾಯಲ್ಲಿ ನಾನು ‘ಕಣ್ಣು’, ಅಂದರೆ ಮುದ್ದಿನ ಮಗು.

ಹೀಗಿರುವಾಗ ನನ್ನ ತಂಗಿಯ ಮಗಳು ದೀಪಾಳ ಮದುವೆ ಗೊತ್ತಾಯಿತು. ಪಟ್ಟಣದಲ್ಲಿ, ಪೀಳಮೇಡಿನ ಒಂದು ಕಲ್ಯಾಣ ಮಂಟಪದಲ್ಲಿ. ನಾನು ಇಡೀ ಬಳಗದ ಎದುರು ಎದ್ದು ನಿಂತು ಘೋಷಿಸಿದೆ: ಮಂಟಪದ ದೊಡ್ಡ ಪರದೆಯ ಮೇಲೆ ಅವ್ವ ದೊಡ್ಡವ್ವರ ಫೋಟೋ, ಹಾಡು, ಹಾಡಿನ ಕೆಳಗೆ ಕನ್ನಡ ಅಕ್ಷರ! ನಮ್ಮ ಮಾತು ಬರಹದಲ್ಲಿ ಹೇಗಿರುತ್ತದೆಂದು ನಮ್ಮ ಜನ ಮೊದಲ ಬಾರಿಗೆ ನೋಡುತ್ತಾರೆ! ಎಲ್ಲರೂ ಚಪ್ಪಾಳೆ ತಟ್ಟಿದರು. ಅವ್ವ ಮಾತ್ರ ಕೇಳಿದಳು, “ಅಕ್ಕನ ದನಿ ಕೇಳ್ತದಾ?” “ಕೇಳ್ತದೆ ಅವ್ವ, ಮಂಟಪ ಪೂರಾ ಕೇಳ್ತದೆ” ಎಂದೆ.

ಮದುವೆಗೆ ಹನ್ನೆರಡು ದಿನ ಇತ್ತು. ಕಂಪ್ಯೂಟರ್ ಅವತ್ತೇ ಮೊದಲ ಬಾರಿ ಪ್ರಾಣ ಬಿಟ್ಟಿತು.

ಬೆಳಿಗ್ಗೆ ಹತ್ತು ಗಂಟೆ. ಮೂರನೇ ಹಾಡಿನ ಸಾಲುಗಳನ್ನು ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೆ. ಇದ್ದಕ್ಕಿದ್ದಂತೆ ಪರದೆ ನೀಲಿಯಾಯಿತು. ಏನೋ ನಾಲ್ಕು ಸಾಲು ಬಂತು. ನಾನು ಮೊದಲ ಪದ ಕೂಡಿಸಿ ಓದುವಷ್ಟರಲ್ಲಿ ಕಪ್ಪಾಯಿತು. ಮತ್ತೆ ಹಾಕಿದೆ. ಬಂತು. ಕಾಲು ಗಂಟೆಗೆ ಮತ್ತೆ ಹೋಯಿತು.

ಕಸ ಗುಡಿಸಲು ಬಂದ ರುಕ್ಕು ಪೊರಕೆ ನಿಲ್ಲಿಸಿ ಹೇಳಿದಳು, “ಏನುಂಗ, ಈ ಪೊಟ್ಟಿ ದಿನಾ ನಡೀತದೆಂಗ.”

“ಪೆಟ್ಟಿಗೆ ನಡೀತಾ ಎಲ್ಲಿದೆ? ನಿಂತು ಹೋಗಿದೆ!”

“ಆ ನಡೆಯೋದಲ್ಲಂಗ. ಕಾಲಲ್ಲಿ ನಡೆಯೋದು. ದಿನಾ ಸಾಯಂಕಾಲ ನೋಡಿದ್ರೆ ಒಂದು ಬೆರಳು ಈ ಕಡೆ ಬಂದಿರ್ತದೆ. ನಾನೇ ತಳ್ಳಿ ಒಳಗೆ ಇಡ್ತೀನಿ.”

ತಂತ್ರಜ್ಞಾನದ ಗಂಧಗಾಳಿ ಇಲ್ಲದವರ ಮಾತಿಗೆ ಒಬ್ಬ ತಜ್ಞ ಹೇಗೆ ನಗಬೇಕೋ ಹಾಗೆ ನಕ್ಕೆ. “ಇದಕ್ಕೆ ವೈರಸ್ ಬಂದಿದೆ ರುಕ್ಕು. ಅದು ನಿನಗೆ ತಿಳಿಯೋದಿಲ್ಲ.”

“ಹೌದುಂಗ, ನನಗೆ ಏನು ತಿಳೀತದೆ” ಎಂದು ಅವಳು ಗುಡಿಸಿಕೊಂಡು ಹೋದಳು.

ವೈರಸ್ ವಿರುದ್ಧ ನಾನು ಯುದ್ಧ ಸಾರಿದೆ. ಇಂಟರ್ನೆಟ್ ವೈರು ಕಿತ್ತೆ. ವೈರಸ್ ಹುಡುಕುವ ತಂತ್ರಾಂಶವನ್ನು ಫೋನಿಗೆ ಇಳಿಸಿ, ಫೋನಿನಿಂದ ಪೆನ್‌ಡ್ರೈವಿಗೆ ಹಾಕಿ, ಅಲ್ಲಿಂದ ಕಂಪ್ಯೂಟರಿಗೆ ಏರಿಸಿದೆ. ಅದು ಹುಡುಕಲು ಶುರು ಮಾಡಿತು. ಅರ್ಧ ಹುಡುಕುವಷ್ಟರಲ್ಲಿ ಕಂಪ್ಯೂಟರ್ ಸತ್ತಿತು. ಮತ್ತೆ ಹುಡುಕಿಸಿದೆ, ಮತ್ತೆ ಸತ್ತಿತು. ಐದು ಸಲ ಹುಡುಕಿದ ಮೇಲೆ ಅದು ಕೊಟ್ಟ ವರದಿ: ವೈರಸ್ ಒಂದೂ ಇಲ್ಲ. ಆ ತಂತ್ರಾಂಶಕ್ಕೇ ವೈರಸ್ ಬಂದಿರಬೇಕು ಎಂದು ತೀರ್ಮಾನಿಸಿದೆ!

ಮುಂದಿನ ಕ್ರಮ: ಶಸ್ತ್ರಚಿಕಿತ್ಸೆ.

ನಮ್ಮ ಕಂಪ್ಯೂಟರ್ ಇರುವ ಕೋಣೆಗೂ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಆದ್ದರಿಂದ ನಮ್ಮ ಮನೆಯಲ್ಲಿ ನೂಲಿನಿಂದ ಉದುರುವ ಹತ್ತಿಯ ಎಳೆ, ನಮ್ಮ ಮಾತಿನಲ್ಲಿ ಪಂಜು, ಹಾರಿ ಕೂರದ ಜಾಗವಿಲ್ಲ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಒಂದು ದಿಂಬಿಗಾಗುವಷ್ಟು ಹತ್ತಿ! ಸಿಕ್ಕಿತು ರೋಗದ ಮೂಲ ಎಂದು ಕುಣಿದೆ. ಬ್ರಷ್ಷಿನಲ್ಲಿ ಮೆಲ್ಲಗೆ ತೆಗೆಯಬಹುದಿತ್ತು. ಆದರೆ ನಾನು ಯಂತ್ರ ಬಲ್ಲವನು. ಮಗ್ಗದ ಪಂಜು ಊದಲು ಇಟ್ಟಿರುವ ಬ್ಲೋಯರ್ ತಂದು, ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು, ಪೂರ್ತಿ ವೇಗದಲ್ಲಿ ಹಚ್ಚಿದೆ.

ಪೆಟ್ಟಿಗೆ ಸ್ವಚ್ಛವಾಯಿತು. ಅದರಲ್ಲಿ ಸಂದೇಹವಿಲ್ಲ. ಆದರೆ ಅಂಗಳದಲ್ಲಿ ಅವ್ವ ಮದುವೆಗೆಂದು ಸಂಡಿಗೆ ಒಣಹಾಕಿದ್ದಳು. ಹಸಿ ಸಂಡಿಗೆ.

ಅವ್ವ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು. “ಕಣ್ಣು, ಸಂಡಿಗೆಗೆ ಗಡ್ಡ ಬಂದಿದೆ.”

ರುಕ್ಕು ಏನೂ ಅನ್ನಲಿಲ್ಲ. ಕೊನೆಗೆ ‘ಂಗ’ ಕೂಡ ಅನ್ನಲಿಲ್ಲ. ಅಷ್ಟು ಕೋಪ!

ನಾನು ಪೆಟ್ಟಿಗೆಯ ಒಳಗಿನ ಮೆಮೊರಿ ಪಟ್ಟಿಗಳನ್ನು ತೆಗೆದು, ರಬ್ಬರಿನಲ್ಲಿ ಉಜ್ಜಿ, ಮತ್ತೆ ಸಿಕ್ಕಿಸಿ, ಎಲ್ಲ ಮುಚ್ಚಿದೆ. ಎರಡು ಸ್ಕ್ರೂ ಉಳಿದವು. ಅವು ಕಂಪನಿಯವರು ತಪ್ಪಾಗಿ ಹೆಚ್ಚು ಹಾಕಿದ್ದು ಎಂದು ಜೇಬಿಗೆ ಹಾಕಿಕೊಂಡೆ. ಅವತ್ತು ಭಾನುವಾರ. ಕಂಪ್ಯೂಟರ್ ಬೆಳಿಗ್ಗೆಯಿಂದ ಸಂಜೆಯವರೆಗೆ ಒಮ್ಮೆಯೂ ಸಾಯಲಿಲ್ಲ! ಏಳು ಹಾಡು ಬರೆದು ಮುಗಿಸಿದೆ. ಪಾಯಸ ಮಾಡಿಸಿದೆ. ತಂಗಿಗೆ ಫೋನ್ ಮಾಡಿ, “ನಾನೇ ಸರಿ ಮಾಡಿದೆ, ಒಬ್ಬ ಮೆಕ್ಯಾನಿಕ್ಕೂ ಬೇಕಾಗಲಿಲ್ಲ” ಎಂದು ಹೇಳಿದೆ. ಅವಳು ಅದನ್ನು ಬೀಗರಿಗೂ ಹೇಳಿದಳಂತೆ.

ಸೋಮವಾರ ಬೆಳಿಗ್ಗೆ ಎಂಟೂ ಕಾಲಿಗೆ ಅದು ಮತ್ತೆ ಸತ್ತಿತು.

ಇನ್ನು ಪಟ್ಟಣಕ್ಕೆ ಒಯ್ಯುವುದೇ ಸರಿ ಎನಿಸಿತು. ಪೀಳಮೇಡಿನಲ್ಲಿ ಸೆಲ್ವಕುಮಾರ್ ಎಂಬ ಒಬ್ಬರ ಸಣ್ಣ ರಿಪೇರಿ ಅಂಗಡಿ. ನನ್ನದೇ ವಯಸ್ಸು, ಬಹಳ ಗಂಭೀರ ಮನುಷ್ಯ. ಹಣೆಯಲ್ಲಿ ವಿಭೂತಿ, ಕಿವಿಯ ಹಿಂದೆ ಸ್ಕ್ರೂಡ್ರೈವರ್. ಧೂಳು ಬೀಳದಿರಲಿ ಎಂದು ಪೆಟ್ಟಿಗೆಯನ್ನು ಒಂದು ಮೆತ್ತನೆಯ ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಬಸ್ಸು ಹತ್ತಿದೆ. ನಿಂತಿದ್ದ ನನ್ನನ್ನು ನೋಡಿ ಒಬ್ಬ ಹೆಂಗಸು ತಟ್ಟನೆ ಎದ್ದು, “ಕೈಕೂಸು, ಕೂತ್ಕೊಳ್ಳಿಂಗಣ್ಣಾ” ಎಂದು ತಮಿಳಿನಲ್ಲಿ ಹೇಳಿ ಜಾಗ ಕೊಟ್ಟರು. ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಬಸ್ಸು ತುಂಬಿತ್ತು, ಕಾಲು ನೋಯುತ್ತಿತ್ತು. ಕೂತೆ. ದಾರಿಯುದ್ದಕ್ಕೂ ಎರಡು ಮೂರು ಸಲ ಬಟ್ಟೆಯ ಮೇಲೆ ಮೆಲ್ಲಗೆ ತಟ್ಟಿದೆ ಕೂಡ!

ಸೆಲ್ವಕುಮಾರ್ ಪೆಟ್ಟಿಗೆಗೆ ವೈರು ಸಿಕ್ಕಿಸಿ ಹಚ್ಚಿದರು. ಪರದೆಯ ಮೇಲಿನ ಕನ್ನಡ ನೋಡಿ ಕನ್ನಡಕ ಏರಿಸಿದರು. “ಅಣ್ಣಾ, ಇದೆನ್ನ, ಒರೇ ಜಿಲೇಬಿಯಾ ಇರುಕ್ಕು?” ಎಲ್ಲಾ ಜಿಲೇಬಿ ಜಿಲೇಬಿಯಾಗಿದೆಯಲ್ಲ ಎಂದು ಅವರ ಪ್ರಶ್ನೆ. “ಅದು ನಮ್ಮ ತಾಯ್ನುಡಿ” ಎಂದು ಎದೆ ಉಬ್ಬಿಸಿ ಹೇಳಿದೆ. “ಭಾಷೆ ಬದಲಾಯಿಸಿಬಿಡಲಾ?” ಎಂದು ಕೇಳಿದರು. “ಬೇಡವೇ ಬೇಡ!” ಎಂದೆ. ಆ ‘ಬೇಡ’ದ ಬೆಲೆ ಮುಂದೆ ಗೊತ್ತಾಯಿತು.

ಎರಡು ದಿನ ಪೆಟ್ಟಿಗೆ ಅವರ ಅಂಗಡಿಯಲ್ಲಿ ಇತ್ತು. ಹಗಲೆಲ್ಲ ಓಡಿಸಿದರಂತೆ. ಒಮ್ಮೆಯೂ ನಿಲ್ಲಲಿಲ್ಲ. ನನ್ನ ಜೇಬಿನ ಎರಡು ಸ್ಕ್ರೂ ಇಸಿದುಕೊಂಡು ಅವು ಇರಬೇಕಾದ ಕಡೆ ಹಾಕಿದರು. “ಇದಕ್ಕೆ ಏನೂ ಆಗಿಲ್ಲ ಅಣ್ಣಾ. ಗಟ್ಟಿಮುಟ್ಟಾಗಿದೆ” ಎಂದು ವಾಪಸು ಕೊಟ್ಟರು. ಮತ್ತೆ ಕೂಸಿನ ಹಾಗೆ ಎತ್ತಿಕೊಂಡು ಬಂದೆ. ಮೇಜಿನ ಮೇಲಿಟ್ಟೆ. ಹಚ್ಚಿದೆ. ಅರ್ಧ ಗಂಟೆ. ನೀಲಿ. ಕಪ್ಪು.

ಈ ಸಲ ಇನ್ನೊಂದು ಹೊಸ ಸಂಗತಿ ಆಯಿತು. ಮತ್ತೆ ಹಚ್ಚಿದಾಗ ಕಂಪ್ಯೂಟರ್ ಎಂದಿನಂತೆ ತೆರೆಯಲಿಲ್ಲ. ಮೂರು ಆಯ್ಕೆಗಳನ್ನು ಕೊಟ್ಟು ಸುಮ್ಮನೆ ಕೂತಿತು. ಮದುವೆಗೆ ನಾಲ್ಕೇ ದಿನ. ಸೆಲ್ವಕುಮಾರ್‌ಗೆ ಫೋನ್ ಮಾಡಿದೆ. ನಾನು ಹೇಳಿದ್ದು ಅವರಿಗೆ ಕೇಳದು, ಅವರು ಹೇಳಿದ್ದು ನನಗೆ ಕೇಳದು; ಗೋಡೆಯಾಚೆ ಎಂಟು ಮಗ್ಗ ಢಡಕ್ ಢಡಕ್ ಎಂದು ಬಡಿಯುತ್ತಿವೆ. ಶೆಡ್ಡಿಗೆ ಓಡಿ, ನಮ್ಮಲ್ಲಿ ಬಹಳ ವರ್ಷದಿಂದ ಮಗ್ಗ ನೋಡಿಕೊಳ್ಳುವ ಮಾರಿಮುತ್ತುವಿಗೆ, “ಫೋನು ಮುಗಿಯೋ ತನಕ ಎಲ್ಲ ನಿಲ್ಲಿಸು!” ಎಂದು ಹೇಳಿ ಬಂದೆ. ಮಗ್ಗಗಳು ನಿಂತವು. ಮನೆ ತಣ್ಣಗಾಯಿತು.

“ಈಗ ಹೇಳಿ. ಪರದೆಯಲ್ಲಿ ಏನಿದೆ? ರಿಕವರಿ ಅಂತ ಇದೆಯಾ?” ಎಂದು ಸೆಲ್ವಕುಮಾರ್ ತಮಿಳಿನಲ್ಲಿ ಕೇಳಿದರು.

ನಾನು ಬೆರಳಿಟ್ಟು ಓದಿದೆ. ಮರುಪ್ರಾಪ್ತಿ. ಮರುಸ್ಥಾಪನೆ. ಮರುಹೊಂದಿಸುವಿಕೆ.

“ಮೂರು ಇವೆ” ಎಂದೆ.

“ಮೂರಾ? ಮೂರೂ ರಿಕವರಿಯಾ?”

ನಮ್ಮ ಮನೆಯಲ್ಲಿ ನಮಗೆ ಗೊತ್ತಿದ್ದ ‘ಮರು’ ಒಂದೇ: ಮದುವೆಯಾದ ಮಗಳು ಅಳಿಯ ಮೊದಲ ಸಲ ಮನೆಗೆ ಬರುವ ‘ಮರುವೀಡು’. ಇಲ್ಲಿ ಮೂರು ಮರು! ಯಾವ ಮರುವಿಗೆ ಯಾರನ್ನು ಕರೆಯಬೇಕು? ಪ್ರಾಪ್ತಿ, ಸ್ಥಾಪನೆ ಎರಡೂ ದೇವಸ್ಥಾನದ ಮಾತಿನಂತೆ ಕೇಳಿದವು. ಆದರೆ ‘ಹೊಂದಿಸುವುದು’ ಗೊತ್ತಿತ್ತು. ಮಗ್ಗದ ನೂಲು ಹೊಂದಿಸುವುದು, ಬೆಲ್ಟು ಹೊಂದಿಸುವುದು, ಅದೆಲ್ಲ ನನ್ನ ಕೈಕೆಲಸ. ಸಡಿಲವಾದದ್ದನ್ನು ಮತ್ತೆ ಹೊಂದಿಸುತ್ತದೆ, ಇನ್ನೇನು ಬೇಕು? ಅವರನ್ನು ಕೇಳದೆ ಅದನ್ನೇ ಒತ್ತಿದೆ.

ಎರಡು ಸಾಲು ಬಂದವು. ಒಂದು: ನನ್ನ ಫೈಲುಗಳನ್ನು ಇರಿಸಿಕೊಳ್ಳಿ. ಇನ್ನೊಂದು: ಎಲ್ಲವನ್ನೂ ತೆಗೆದುಹಾಕಿ.

ಇಲ್ಲಿ ನಾನು ಬಹಳ ಎಚ್ಚರಿಕೆಯಿಂದ ಯೋಚಿಸಿದೆ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು. ‘ನನ್ನ ಫೈಲುಗಳನ್ನು ಇರಿಸಿಕೊಳ್ಳಿ’ ಎಂದರೆ, ನಾನು ಕಂಪ್ಯೂಟರಿಗೆ, ‘ನೀನೇ ಇಟ್ಟುಕೋ’ ಎಂದು ಹೇಳಿದಂತಲ್ಲವೇ? ಅವ್ವನ ಹಾಡನ್ನು ಅದಕ್ಕೆ ನಾನು ಯಾಕೆ ಬಿಟ್ಟುಕೊಡಲಿ? ಮತ್ತೊಂದು ಎಷ್ಟು ಚೆನ್ನಾಗಿದೆ! ರುಕ್ಕು ದಿನಾ ಹೇಳುವುದಿಲ್ಲವೇ, ಬೀರುವಿನಿಂದ ಸೀರೆ ತೆಗೆದು ಹಾಕಿ, ಒಗ್ಗರಣೆಗೆ ಕರಿಬೇವು ತೆಗೆದು ಹಾಕಿ ಎಂದು? ಹಾಗೆಯೇ ಇದು ಒಳಗೆ ಸಿಕ್ಕಿಕೊಂಡಿರುವುದನ್ನೆಲ್ಲ ಹೊರಗೆ ತೆಗೆದು ನನ್ನ ಮುಂದೆ ಹಾಕುತ್ತದೆ. ಎಲ್ಲವನ್ನೂ! ಮೂವತ್ತೊಂದು ಹಾಡನ್ನೂ!

ಒತ್ತಿದೆ. ಖಚಿತವೇ ಎಂದು ಕೇಳಿತು. ಖಚಿತ. ನಿಜವಾಗಿಯೂ ಖಚಿತವೇ ಎಂದಿತು. ಎಷ್ಟು ವಿನಯ ಎಂದುಕೊಂಡೆ. ನಿಜವಾಗಿಯೂ ಖಚಿತ!

ಶೇಕಡಾ ಒಂದು, ಎರಡು, ಮೂರು ಎಂದು ಅಂಕಿ ಏರತೊಡಗಿತು.

“ಅಣ್ಣಾ, ಲೈನಲ್ಲಿ ಇದ್ದೀರಾ? ಏನು ಮಾಡಿದಿರಿ?” ಎಂದು ಸೆಲ್ವಕುಮಾರ್ ಕೇಳಿದರು. ನಾನು ಸಂತೋಷದಿಂದ ವಿವರಿಸಿದೆ. ಅವರು ಸಾವಿನ ಮನೆಗೆ ಬಂದವರ ದನಿಯಲ್ಲಿ ಹೇಳಿದರು, “ಅಣ್ಣಾ... ಅದು ಎಲ್ಲಾ ಅಳಿಸೋದು. ಎಲ್ಲಾಮೇ ಪೋಚ್ಚು.”

ಎಲ್ಲಾ ಹೋಯಿತು!

“ನಿಲ್ಲಿಸೋದು ಹೇಗೆ?” ಎಂದು ಕಿರುಚಿದೆ.

“ನಿಲ್ಲಿಸಬೇಡಿ! ನಡುವೆ ಕರಂಟು ಕಿತ್ತರೆ ಡಿಸ್ಕೇ ಕೆಟ್ಟುಹೋಗಬಹುದು. ಅದನ್ನು ಮುಟ್ಟಬೇಡಿ” ಎಂದರು.

ಶೇಕಡಾ ಇಪ್ಪತ್ತು. ಮೂವತ್ತು. ನನ್ನ ಕಣ್ಣ ಮುಂದೆಯೇ ಅರಿಸಿನದ ಹಾಡು, ಬೀಗರ ಹಾಡು ಒಂದೊಂದಾಗಿ ಹೋಗುತ್ತಿರುವಂತೆ ಅನಿಸಿತು. ಎಲೆ ಅಡಿಕೆ ಮೆಲ್ಲುತ್ತಾ, “ರಾಮಲಿಂಗಾ, ಸರಿಯಾ ಹಿಡ್ಕೊ ಆ ಕೋಲು” ಎಂದು ಮೈಕಿಗೆ ಕೋಲು ಎನ್ನುತ್ತಿದ್ದ ದೊಡ್ಡವ್ವ. ನಾನು ಪರದೆಯ ಮುಂದೆ ಕೈಮುಗಿದು ನಿಂತೆ. ಬೇರೆ ಏನೂ ಮಾಡಲು ತೋಚಲಿಲ್ಲ.

ಮಗ್ಗದ ಸದ್ದು ನಿಂತದ್ದು ಯಾಕೆ ಎಂದು ನೋಡಲು ಅವ್ವ ಬಂದಳು. ಹಿಂದೆಯೇ ರುಕ್ಕು. “ಏನು ಕಣ್ಣು, ಪೊಟ್ಟಿಗೆ ಪೂಜೆ ಮಾಡ್ತಿದ್ದೀಯ?” ಎಂದಳು ಅವ್ವ. ಅವ್ವ ಪರದೆಯನ್ನೂ ನನ್ನ ಮುಖವನ್ನೂ ನೋಡಿದಳು. “ಅಕ್ಕನ ಹಾಡು ಇದರೊಳಗೆ ತಾನೇ ಇದೆ?” ಎಂದು ಮೆಲ್ಲಗೆ ಕೇಳಿದಳು. ನನ್ನ ಜೀವನದಲ್ಲಿ ಅಷ್ಟು ಸಣ್ಣವನಾಗಿ ನಾನು ಎಂದೂ ನಿಂತಿರಲಿಲ್ಲ.

ಶೇಕಡಾ ಅರವತ್ತೆರಡು.

ಆ ಹೊತ್ತಿಗೆ ಶೆಡ್ಡಿನಲ್ಲಿ ಮಾರಿಮುತ್ತು, ಇಷ್ಟು ಹೊತ್ತಾಯಿತು, ಫೋನು ಮುಗಿದಿರಬೇಕು ಎಂದು ತಾನೇ ತೀರ್ಮಾನಿಸಿ, ಎಂಟು ಮಗ್ಗವನ್ನೂ ಒಂದರ ಹಿಂದೆ ಒಂದು ಹಚ್ಚಿಬಿಟ್ಟ. ಢಡಕ್! ಢಡಕ್! ಗೋಡೆ ನಡುಗಿತು. ಮೇಜು ನಡುಗಿತು. ಪರದೆ ನೀಲಿಯಾಯಿತು. ಕಪ್ಪಾಯಿತು.

“ಅದೂ ಹೋಯಿತು” ಎಂದು ನಾನು ಕುರ್ಚಿಯಲ್ಲಿ ಕುಸಿದೆ. ಹಾಡೂ ಇಲ್ಲ, ಡಿಸ್ಕೂ ಇಲ್ಲ.

ಒಂದು ನಿಮಿಷ ಆದ ಮೇಲೆ ಕಂಪ್ಯೂಟರ್ ತಾನಾಗಿಯೇ ಎದ್ದಿತು. ಎರಡು ಸಾಲು ಬರೆದು ತೋರಿಸಿತು. ಮರಣಪತ್ರ ಓದುವವನಂತೆ ನಾನು ಗಟ್ಟಿಯಾಗಿ ಕೂಡಿಸಿ ಓದಿದೆ. “ನಿಮ್ಮ ಗಣಕವನ್ನು ಮರು... ಹೊಂದಿ... ಸುವಲ್ಲಿ ಸಮಸ್ಯೆ ಉಂಟಾಗಿದೆ. ಯಾವುದೇ... ಬದಲಾ... ವಣೆ... ಗಳನ್ನು ಮಾಡ... ಲಾಗಿಲ್ಲ.” ನನಗೆ ಕಂಡದ್ದು ‘ಸಮಸ್ಯೆ’ ಮತ್ತು ‘ಇಲ್ಲ’ ಎರಡೇ. “ಕೇಳಿದಿರಾ? ಸಮಸ್ಯೆ. ಇಲ್ಲ. ಎಲ್ಲಾ ಮುಗೀತು” ಎಂದು ತಲೆಗೆ ಕೈ ಹಚ್ಚಿದೆ.

“ಇರಿಂಗ, ಇರಿಂಗ” ಎಂದಳು ರುಕ್ಕು. “ಇನ್ನೊಂದು ಸಲ ಓದಿ. ಆ ಕೊನೇ ಸಾಲು.”

ಓದಿದೆ.

“ಬದಲಾವಣೆ ಅಂದ್ರೆ ಬದಲು ಮಾಡೋದು ತಾನೇಂಗ? ಏನೂ ಬದಲು ಮಾಡಿಲ್ಲ ಅಂತ ಹೇಳ್ತಿದೆ. ಅಳಿಸೋಕೆ ಹೋಯ್ತು, ಮುಗಿಸೋಕೆ ಆಗ್ಲಿಲ್ಲ. ಎಲ್ಲಾ ಇದ್ದ ಹಾಗೇ ಇದೆ!”

ಅಕ್ಷರ ಗೊತ್ತಿದ್ದ ನನಗೆ ಅರ್ಥವಾಗದ್ದು ಅಕ್ಷರ ಗೊತ್ತಿಲ್ಲದ ಅವಳಿಗೆ ಕಿವಿಯಲ್ಲಿ ಕೇಳಿಯೇ ಅರ್ಥವಾಯಿತು! ಇನ್ನೂ ಕೈಯಲ್ಲೇ ಇದ್ದ ಫೋನಿನಿಂದ ಸೆಲ್ವಕುಮಾರ್ ದನಿ ಕೂಗುತ್ತಿತ್ತು. ರುಕ್ಕು ಫೋನ್ ಕಸಿದುಕೊಂಡು ಅದನ್ನೇ ತಮಿಳಿನಲ್ಲಿ ಹೇಳಿದಳು. ಆ ಕಡೆಯಿಂದ ಅವರು, “ಮುರುಗಾ!” ಎಂದದ್ದು ಮಗ್ಗದ ಸದ್ದಿನಲ್ಲೂ ನನಗೆ ಕೇಳಿತು.

“ಇನ್ನೂ ಒಂದು ವಿಷಯ” ಎಂದು ರುಕ್ಕು ಅಡುಗೆಮನೆಗೆ ಹೋಗಿ ಒಂದು ಲೋಟ ತುಂಬ ನೀರು ತಂದಳು. ಪೆಟ್ಟಿಗೆಯ ಪಕ್ಕ ಮೇಜಿನ ಮೇಲೆ ಇಟ್ಟಳು. ಲೋಟದ ನೀರು ತಾಳಕ್ಕೆ ಕುಣಿಯುತ್ತಿತ್ತು. ನೋಡ ನೋಡುತ್ತಿದ್ದಂತೆ ಅಂಚು ದಾಟಿ ಚೆಲ್ಲಿತು. “ಮಗ್ಗ ಓಡಿದ್ರೆ ಇದು ಸಾಯ್ತದೆ. ಭಾನುವಾರ ಮಗ್ಗ ಇಲ್ಲ, ಬದುಕಿತ್ತು. ಪೀಳಮೇಡಿನಲ್ಲಿ ಮಗ್ಗ ಇಲ್ಲ, ಬದುಕಿತ್ತು. ಇದು ನಡೀತದೆ ಅಂತ ನಾನು ಅವತ್ತೇ ಹೇಳಿದೆನಲ್ಲಂಗ.”

ಚೆಲ್ಲಿದ ನೀರನ್ನು ನಾನೇ ಒರೆಸಿದೆ. ಮೂವತ್ತು ವರ್ಷದ ಅನುಭವವನ್ನೂ ಅದರ ಜೊತೆಗೇ ಒರೆಸಿದೆ.

ಮಗ್ಗ ನಿಲ್ಲಿಸಿದೆವು. ಫೋನಿನಲ್ಲಿ ಸೆಲ್ವಕುಮಾರ್ ಹೇಳಿದಂತೆ ಪೆಟ್ಟಿಗೆ ಬಿಚ್ಚಿ ನೋಡಿದರೆ, ಡಿಸ್ಕಿಗೆ ಹೋಗುವ ಒಂದು ಚಪ್ಪಟೆ ವೈರು ಹಲ್ಲು ಅಲ್ಲಾಡಿದಂತೆ ಅಲ್ಲಾಡುತ್ತಿತ್ತು. ಮಗ್ಗದ ಒಂದೊಂದು ಏಟಿಗೂ ಅದು ಕೂದಲೆಳೆಯಷ್ಟು ಕಳಚಿಕೊಳ್ಳುತ್ತಿತ್ತು. ಅಂಗಡಿಯಲ್ಲಿ ಅಲುಗಾಟವೇ ಇಲ್ಲವಾದ್ದರಿಂದ ಅವರಿಗೆ ಅದು ಕಂಡಿರಲಿಲ್ಲ. ಒತ್ತಿ ಕೂರಿಸಿದೆ. ಕಂಪ್ಯೂಟರ್ ತೆರೆಯಿತು. ಹಾಡುಗಳ ಕಡತ ತೆರೆಯಿತು. ಮೂವತ್ತೊಂದು. ಎಣಿಸಿದೆ, ಮತ್ತೆ ಎಣಿಸಿದೆ. ಒಂದನ್ನು ಒತ್ತಿದೆ. ದೊಡ್ಡವ್ವ ಕೆಮ್ಮಿ, ಗಂಟಲು ಸರಿ ಮಾಡಿಕೊಂಡು, ಹಾಡು ಎತ್ತಿಕೊಂಡಳು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು. ರುಕ್ಕು ಕಣ್ಣು ಒರೆಸಿಕೊಂಡು, “ಮೊದಲು ಇನ್ನೊಂದು ಕಡೆ ನಕಲು ಮಾಡಿಂಗ!” ಎಂದು ಗದರಿದಳು. ಮೂರು ಪೆನ್‌ಡ್ರೈವಿಗೆ ಹಾಕಿದೆ. ಒಂದನ್ನು ಅವಳು ಅಕ್ಕಿ ಡಬ್ಬದಲ್ಲಿ ಇಟ್ಟಳು.

ಆದರೆ ಇನ್ನೂ ಇಪ್ಪತ್ತು ಹಾಡಿಗೆ ಅಕ್ಷರ ಸೇರಿಸಬೇಕಿತ್ತು. ಮಗ್ಗ ನಿಲ್ಲಿಸಿದರೆ ಬಟ್ಟೆ ಕೊಡಲಾಗದು. ಓಡಿಸಿದರೆ ವೈರು ಮತ್ತೆ ಕಳಚೀತು. ಪೆಟ್ಟಿಗೆಯ ಕೆಳಗೆ ದಿಂಬು ಇಟ್ಟೆ. ದಿಂಬಿನ ಸಮೇತ ನಡೆಯಿತು. ಚಾಪೆ ಮಡಿಸಿ ಹಾಕಿದೆ; ಅದೂ ಅಷ್ಟೇ. ಆಗ ಅವ್ವ ಮೇಲೆ ನೋಡಿದಳು. ನಮ್ಮ ಮಗಳು ಹುಟ್ಟಿದಾಗ ತೊಟ್ಟಿಲು ಕಟ್ಟಿದ್ದ ಕೊಕ್ಕೆ ಇನ್ನೂ ಸೂರಿನಲ್ಲಿತ್ತು.

“ನೀನು ಕೂಸಾಗಿದ್ದಾಗಲೂ ಮಗ್ಗದ ಸದ್ದಿಗೆ ಬೆಚ್ಚಿ ಬೀಳ್ತಿದ್ದೆ ಕಣ್ಣು. ತೊಟ್ಟಿಲಲ್ಲಿ ಹಾಕಿದ್ರೆ ಸುಮ್ನೆ ಮಲಗ್ತಿದ್ದೆ. ಇದನ್ನೂ ಹಾಕು.”

ಸೀರೆಯಲ್ಲಿ ಕಟ್ಟಿದರೆ ಪೆಟ್ಟಿಗೆಗೆ ಗಾಳಿ ಆಡದು ಎಂದು ಹಳೆಯ ಸೊಳ್ಳೆಪರದೆಯನ್ನು ನಾಲ್ಕು ಮಡಿಕೆ ಮಾಡಿ ರುಕ್ಕು ತೊಟ್ಟಿಲು ಕಟ್ಟಿದಳು. ಪೆಟ್ಟಿಗೆಯನ್ನು ಅದರೊಳಗೆ ಇಳಿಸಿದೆವು. ವೈರುಗಳು ಕರುಳಬಳ್ಳಿಯಂತೆ ಜೋತುಬಿದ್ದವು. “ಹಚ್ಚು!” ಎಂದು ಮಾರಿಮುತ್ತುವಿಗೆ ಕೂಗಿದೆ. ಎಂಟೂ ಮಗ್ಗ ಓಡಿದವು. ಗೋಡೆ ನಡುಗಿತು. ಮೇಜು ನಡುಗಿತು. ತೊಟ್ಟಿಲು ಮೆಲ್ಲಗೆ, ಸುಖವಾಗಿ, ಅತ್ತ ಇತ್ತ ತೂಗಿತು.

ಒಂದು ಗಂಟೆ. ಎರಡು ಗಂಟೆ. ಇಡೀ ದಿನ. ನೀಲಿ ಪರದೆಯ ಸುಳಿವಿಲ್ಲ! ಗೆದ್ದೆವು!

ತಮ್ಮ ಮನೆಯ ಮದುವೆಗೆ ಕರೆಯೋಲೆ ಕೊಡಲು ಬಂದ ದೂರದ ನೆಂಟರೊಬ್ಬರು ಬಾಗಿಲಲ್ಲೇ ದನಿ ತಗ್ಗಿಸಿ, “ಮೊಮ್ಮಗು ಮಲಗಿದೆಯಾ?” ಎಂದು ಕೇಳಿದರು. ಅವ್ವ ಕಾಲಿನಿಂದ ತೊಟ್ಟಿಲು ನೂಕುತ್ತಾ, “ಹೌದು, ಈಗ ತಾನೇ ಮಲಗಿತು. ಬಾಳ ಹಟ” ಎಂದಳು.

ಮದುವೆಯ ದಿನ. ಮಂಟಪ ತುಂಬಿ ನಿಂತಿತ್ತು. ದೊಡ್ಡ ಪರದೆ ಬೆಳಗಿತು. ಮೊದಲ ಚಿತ್ರದಲ್ಲಿ ರೇಷ್ಮೆ ಸೀರೆ ಉಟ್ಟ ಅವ್ವ, ದೊಡ್ಡವ್ವ. ಕೆಳಗೆ ನಾನು ಕೈಯಾರೆ ಬರೆದ ದಪ್ಪ ಕನ್ನಡ ಅಕ್ಷರ. ಜನ ಚಪ್ಪಾಳೆ ತಟ್ಟಿದರು. ದೊಡ್ಡವ್ವನ ದನಿ ಎದ್ದಿತು. ಮಾತು ನಿಂತಿತು. ನಾದಸ್ವರದವರು ತಮ್ಮ ವಾದ್ಯ ಮಡಿಲಲ್ಲಿಟ್ಟುಕೊಂಡು ಕೇಳಿದರು. ಎರಡನೇ ಹಾಡಿಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವ ಸೆರಗು ಸರಿ ಮಾಡಿಕೊಂಡಳು. ಪರದೆಯ ಮೇಲಿಂದ ಅಕ್ಕ ಎತ್ತಿ ಕೊಟ್ಟಳು. ಕೆಳಗೆ ಕೂತ ತಂಗಿ ಹಿಡಿದಳು. ಒಂದೂವರೆ ವರ್ಷದ ಮೇಲೆ ಅವ್ವ ಹಾಡಿದಳು! ಅವಳ ಹಿಂದೆ ಇನ್ನೂ ನಾಲ್ಕು ಮುದುಕಿಯರು, ಆಮೇಲೆ ನನ್ನ ತಂಗಿ, ಆಮೇಲೆ ಯಾರು ಯಾರೋ. ಬೀಗರನ್ನು ಗೇಲಿ ಮಾಡುವ ಹಾಡಿಗೆ ಬೀಗರೇ ನಕ್ಕು ನಕ್ಕು ಸುಸ್ತಾದರು. ಸೆಲ್ವಕುಮಾರ್ ಕೂಡ ಬಂದಿದ್ದರು. ಒಂದು ಮಾತೂ ಅರ್ಥವಾಗದೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ರುಕ್ಕು ನನ್ನ ಪಕ್ಕ ಬಂದು, “ಪರವಾಯಿಲ್ಲಂಗ” ಎಂದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಊಟದ ಹೊತ್ತಿಗೆ ಒಬ್ಬರು ಮೇಡಂ ನನ್ನನ್ನು ಹುಡುಕಿಕೊಂಡು ಬಂದರು. ಮದುಮಗನ ಆಫೀಸಿನವರು, ಹಾಸನದ ಕಡೆಯವರು, ಪೀಳಮೇಡಿಗೆ ಬಂದು ಇನ್ನೂ ಒಂದು ವರ್ಷವಾಗಿಲ್ಲ.

“ಸರ್, ಎಷ್ಟು ಚೆಂದದ ಹಾಡುಗಳು! ನಾನು ಒಂದೊಂದು ಸಾಲನ್ನೂ ಓದಿಕೊಂಡು ಕೇಳಿದೆ. ಅಕ್ಷರ ನೀವೇ ಹಾಕಿದ್ದಾ?”

ಎಂಥ ಕ್ಷಣ! ನನ್ನ ಬರಹ ಓದಿದ ಮೊದಲ ಮನುಷ್ಯ! “ನಾನೇ. ಸ್ವಂತ ಕಲಿತದ್ದು” ಎಂದೆ.

“ತುಂಬಾ ಚೆನ್ನಾಗಿದೆ ಸರ್. ಹಾಡಿನ ಸಾಲುಗಳಲ್ಲಿ ತಪ್ಪೇ ಇಲ್ಲ ಅನ್ನಬಹುದು.” ಅವರು ತುಟಿ ಕಚ್ಚಿ ಹಿಡಿದುಕೊಂಡಿದ್ದರು. ಯಾಕೆ ಎಂದು ನನಗೆ ತಿಳಿಯಲಿಲ್ಲ. “ಒಂದೇ ಒಂದು ಪದ. ‘ಡ’ ಬರಬೇಕಾದ ಕಡೆ ‘ವ’ ಬಂದುಬಿಟ್ಟಿದೆ. ತಲೆಬರಹದಲ್ಲಿ.”

ತಿರುಗಿ ನೋಡಿದೆ. ಪರದೆಯ ಮೇಲೆ ಇನ್ನೂ ಅವ್ವ, ದೊಡ್ಡವ್ವ ನಗುತ್ತಾ ಕೂತಿದ್ದರು. ಕೂಡಿಸಿ ಕೂಡಿಸಿ ಓದಿದೆ. ಅವರ ಕೆಳಗೆ, ಮುನ್ನೂರು ಜನ ಚಪ್ಪಾಳೆ ತಟ್ಟಿದ ದಪ್ಪ ಅಕ್ಷರದಲ್ಲಿ ಹೀಗಿತ್ತು:

ನಮ್ಮ ಮನೆಯ ಹಳೆಯ ಹಾವುಗಳು.

ಆ ಪದವನ್ನು ಒಮ್ಮೆ ಬರೆದು ಉಳಿದ ಕಡೆಗೆಲ್ಲ ನಕಲು ಮಾಡಿದ್ದೆ. ಹಾವು ಒಂದು. ಹಾವು ಎರಡು. ಹೀಗೆ ಹಾವು ಮೂವತ್ತೊಂದರವರೆಗೆ!

“ಏನಂದಳು ಕಣ್ಣು ಆ ಅಮ್ಮ?” ಎಂದು ಅವ್ವ ಪಕ್ಕದಿಂದ ಕೇಳಿದಳು.

“ಅಕ್ಷರ ಬಾಳ ಜೀವಂತವಾಗಿದೆ ಅಂದ್ರು ಅವ್ವ.”

ಅವ್ವ ಅದನ್ನು ಸಂಭ್ರಮದಿಂದ ಇಡೀ ಪಂಕ್ತಿಗೆ ಸಾರಿದಳು. ಮೇಡಂ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೈತೊಳೆಯುವ ಕಡೆಗೆ ಓಡಿದರು.

ಒಳ್ಳೆಯ ಮನಸ್ಸಿನವರು, ಆಮೇಲೆ ಮನೆಗೇ ಬಂದು, ತೊಟ್ಟಿಲಿನ ಪಕ್ಕ ಕುರ್ಚಿ ಹಾಕಿಕೊಂಡು, ಮೂವತ್ತೊಂದನ್ನೂ ತಿದ್ದಿಕೊಟ್ಟರು. ಈ ಬರಹವನ್ನು ತಿದ್ದಿದವರೂ ಅವರೇ. ಆದರೂ ಇದರಲ್ಲಿ ಎಲ್ಲಾದರೂ ಒಂದು ಹಾವು ಕಂಡರೆ, ಅದು ಅವರ ಕಣ್ಣು ತಪ್ಪಿಸಿ ಹರಿದು ಬಂದದ್ದು. ಸಾಕಿದವನು ನಾನು.